ಕಬ್ಬಿಣವೋ, ತಾಮ್ರವೋ, ಕಾರ್ಬನ್ನೋ: ಘಟ್ಟದ ಮೇಲೊಂದು ಉತ್ತರ, ಕೆಳಗೊಂದು ಉತ್ತರ

ನಾನು ಹುಟ್ಟಿ ಬೆಳೆದದ್ದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ. ಈಗ ಕಾರವಾರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಲಸ ಸಿಕ್ಕಿದ ವರ್ಷ ನನ್ನ ಹಳೇ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ, ದೇವಿಮನೆ ಘಟ್ಟ ಇಳಿಸಿ ತಂದಿದ್ದೆ. ಊರಲ್ಲಿ ಎಂಟು ವರ್ಷ ತುಳಿದ ಸೈಕಲ್. ಅಲ್ಲಲ್ಲಿ ಬಣ್ಣ ಹೋಗಿತ್ತು, ಅಷ್ಟೆ. ಇಲ್ಲಿ ಸಮುದ್ರದ ಹತ್ತಿರದ ಬಾಡಿಗೆ ಮನೆಯ ಜಗಲಿಯಲ್ಲಿ ಎರಡು ಮಳೆಗಾಲ ನಿಂತಿತು. ಚೈನು ಕಚ್ಚಿಕೊಂಡಿತು, ಚಕ್ರದ ಕಡ್ಡಿಗಳು ಕೈಯಲ್ಲೇ ಮುರಿದು ಬಂದವು. ಮಳೆ ಶಿರಸಿಯಲ್ಲೂ ಚೆನ್ನಾಗಿಯೇ ಸುರಿಯುತ್ತದೆ. ಬೇರೆ ಇದ್ದದ್ದು ಗಾಳಿ. ಘಟ್ಟದ ಕೆಳಗಿನ ಗಾಳಿಯಲ್ಲಿ ಉಪ್ಪಿದೆ.

ಲೋಹ ಮತ್ತು ಅಲೋಹದ ಪಾಠ ಶುರುವಾದಾಗ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕೋರೇ, ಯಾವ್ದು ಒಳ್ಳೇದು?" ಅದಕ್ಕೆ ನಾನು ತಿರುಗಿ ಕೇಳುವುದು, "ಎಲ್ಲಿ ಇಡ್ತೀರಿ?" ಅಂತ. ಉಪ್ಪುಗಾಳಿಗೆ ಇಡುತ್ತೀರೋ, ಹುಳಿ ತುಂಬುತ್ತೀರೋ, ಬೆಂಕಿಯ ಮೇಲೆ ಇಡುತ್ತೀರೋ, ಕರೆಂಟು ಹರಿಸುತ್ತೀರೋ, ಇಡೀ ದಿನ ಕೈಯಲ್ಲಿ ಎತ್ತಿ ಹಿಡಿಯುತ್ತೀರೋ? ಇಷ್ಟು ಗೊತ್ತಾದರೆ ಆಯ್ಕೆ ಸುಲಭ. ಪಾಠದಲ್ಲಿ ಬರುವ ಒಂದೊಂದು ಗುಣವೂ ಇಂಥ ಒಂದು ಪ್ರಶ್ನೆಗೆ ಉತ್ತರ. ಎಂಟರಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಮನೆಗೆ ಕಿಟಕಿಯನ್ನೋ ಪಾತ್ರೆಯನ್ನೋ ಕೊಳ್ಳುವ ಅಪ್ಪ ಅಮ್ಮಂದಿರೂ ಓದಬಹುದು.

ಮೊದಲು ಒಂದು ಗೊಂದಲ ಬಿಡಿಸೋಣ

ಪರೀಕ್ಷೆಯಲ್ಲಿ "ಅಲೋಹಕ್ಕೆ ಉದಾಹರಣೆ ಕೊಡಿ" ಎಂದರೆ ಎಷ್ಟೋ ಮಕ್ಕಳು ಪ್ಲಾಸ್ಟಿಕ್, ಕಟ್ಟಿಗೆ, ಗಾಜು ಎಂದು ಬರೆಯುತ್ತಾರೆ. ಅಂಕ ಹೋಗುತ್ತದೆ. ಅಲೋಹ ಎಂದರೆ ಧಾತು. ಕಾರ್ಬನ್, ಗಂಧಕ, ರಂಜಕ, ಆಮ್ಲಜನಕ, ಸಾರಜನಕ, ಕ್ಲೋರಿನ್, ಅಯೋಡಿನ್ ಇವು ಅಲೋಹಗಳು. ಇಲ್ಲಿಯವರೆಗೆ ಗೊತ್ತಿರುವ 118 ಧಾತುಗಳಲ್ಲಿ ಅಲೋಹಗಳು ಇಪ್ಪತ್ತರ ಆಸುಪಾಸು ಮಾತ್ರ. ಕಟ್ಟಿಗೆ, ಪ್ಲಾಸ್ಟಿಕ್, ಮಣ್ಣಿನ ಗಡಿಗೆ ಇವು ಧಾತುಗಳಲ್ಲ, ಹಲವು ಧಾತು ಸೇರಿ ಆದ ವಸ್ತುಗಳು. ಗಡಿಗೆಯ ಮಣ್ಣಿನೊಳಗೆ ಅಲ್ಯೂಮಿನಿಯಂ ಇದೆ, ಸಿಲಿಕಾನ್ ಇದೆ, ಆಮ್ಲಜನಕ ಇದೆ. ಅಂಗಡಿಗೆ ಹೋದಾಗ ನಮ್ಮ ಆಯ್ಕೆ ಬರೀ ಲೋಹ ಮತ್ತು ಅಲೋಹದ ನಡುವೆ ಇರುವುದಿಲ್ಲ. ಲೋಹ, ಅಲೋಹ, ಅವೆರಡರ ಸಂಯುಕ್ತಗಳು, ಮಿಶ್ರಲೋಹಗಳು, ಎಲ್ಲದರ ನಡುವೆ ಇರುತ್ತದೆ. ಇದು ತಲೆಯಲ್ಲಿದ್ದರೆ ಮುಂದಿನದು ಸರಾಗ.

ಸಾಮಾನ್ಯ ಗುಣ ನಿಮಗೆ ಗೊತ್ತೇ ಇದೆ. ಲೋಹ ಹೊಳೆಯುತ್ತದೆ, ಬಡಿದರೆ ತಗಡಾಗುತ್ತದೆ, ಎಳೆದರೆ ತಂತಿಯಾಗುತ್ತದೆ, ಶಾಖ ಮತ್ತು ವಿದ್ಯುತ್ತನ್ನು ಹರಿಸುತ್ತದೆ, ಹೊಡೆದರೆ ಝಣ್ ಎನ್ನುತ್ತದೆ. ಬಡಿದರೆ ತಗಡಾಗುವುದು ಕುಟ್ಯತೆ, ತಂತಿಯಾಗುವುದು ತನ್ಯತೆ. ಒಂದು ಗ್ರಾಂ ಚಿನ್ನವನ್ನು ಸುಮಾರು 2 ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಗಟ್ಟಿ ರೂಪದ ಅಲೋಹ ಬಡಿದರೆ ಪುಡಿಯಾಗುತ್ತದೆ. ಇದ್ದಿಲನ್ನು ಒಮ್ಮೆ ಕುಟ್ಟಿ ನೋಡಿ.

ಆದರೆ ನನಗೆ ಇಷ್ಟ ಅಪವಾದಗಳು. ಪಾದರಸ ಲೋಹ, ಆದರೆ ದ್ರವ. ಬ್ರೋಮಿನ್ ಅಲೋಹ, ಅದೂ ದ್ರವ. ಸೋಡಿಯಂ ಲೋಹವನ್ನು ಚಾಕುವಿನಲ್ಲಿ ಬೆಣ್ಣೆ ಥರ ಕೊಯ್ಯಬಹುದು. ಗ್ಯಾಲಿಯಂ ಕರಗುವುದು ಸುಮಾರು 29.8 ಡಿಗ್ರಿಯಲ್ಲಿ. ಅಂಗೈಯಲ್ಲಿಟ್ಟರೆ ಕರಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಕಾರವಾರದ ಮೇ ತಿಂಗಳ ಮಧ್ಯಾಹ್ನಕ್ಕೆ ಅಂಗೈಯೂ ಬೇಡ, ಮೇಜಿನ ಮೇಲಿಟ್ಟರೆ ಸಾಕು. ಅಯೋಡಿನ್ ಅಲೋಹವಾದರೂ ಹೊಳೆಯುತ್ತದೆ. ಇನ್ನು ಕಾರ್ಬನ್. ವಜ್ರವಾದಾಗ ಕರೆಂಟು ಬಿಡುವುದಿಲ್ಲ, ಆದರೆ ಶಾಖವನ್ನು ತಾಮ್ರಕ್ಕಿಂತ ಚೆನ್ನಾಗಿ ಸಾಗಿಸುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ಆದಾಗ ಕರೆಂಟು ಬಿಡುತ್ತದೆ. ಈ ಕೊನೆಯ ಮಾತು ನೆನಪಿಡಿ. ತೋಟದ ವಿಷಯಕ್ಕೆ ಬಂದಾಗ ಜೀವದ ಪ್ರಶ್ನೆಯಾಗಿ ಮತ್ತೆ ಬರುತ್ತದೆ.

ಅಡುಗೆಮನೆ: ಬೆಂಕಿಗೆ ಒಂದು, ಹುಳಿಗೆ ಇನ್ನೊಂದು

ಬಚ್ಚಲು ಮನೆಯ ಹಂಡೆ ತಾಮ್ರದ್ದೇ ಯಾಕೆ? ಸಾಮಾನ್ಯ ಲೋಹಗಳಲ್ಲಿ ಶಾಖ ಸಾಗಿಸುವುದರಲ್ಲಿ ಬೆಳ್ಳಿ ಬಿಟ್ಟರೆ ತಾಮ್ರವೇ ಮುಂದೆ. ಅಲ್ಯೂಮಿನಿಯಂ ತಾಮ್ರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕಬ್ಬಿಣ ಐದರಲ್ಲಿ ಒಂದು ಪಾಲು. ಸ್ಟೀಲ್, ಅಂದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್, ಅಂತೂ ತಾಮ್ರದ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟೇ. ಸ್ಟೀಲ್ ಪಾತ್ರೆಯಲ್ಲಿ ಪಾಯಸ ಮಾಡಿದರೆ ನಡುವೆ ತಳ ಹಿಡಿಯುತ್ತದೆ, ಅಂಚಿನಲ್ಲಿ ಬೇಯುವುದೇ ಇಲ್ಲ. ಶಾಖ ಪಕ್ಕಕ್ಕೆ ಹರಡದೆ ಉರಿ ತಾಗಿದಲ್ಲೇ ನಿಲ್ಲುವುದೇ ಕಾರಣ. ಅದಕ್ಕೇ ಒಳ್ಳೆಯ ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರವನ್ನೋ ಅಲ್ಯೂಮಿನಿಯಂ ಅನ್ನೋ ಕೂರಿಸುತ್ತಾರೆ.

ಶಾಖವೊಂದನ್ನೇ ನೋಡಿದರೆ ತಾಮ್ರವೇ ಗೆದ್ದ ಹಾಗೆ. ಹುಳಿ ಬಂದ ಕೂಡಲೇ ಲೆಕ್ಕ ತಿರುಗುತ್ತದೆ. ನಮ್ಮ ಜಿಲ್ಲೆಯ ಅಡುಗೆಯಲ್ಲಿ ಹುಳಿ ಇಲ್ಲದ ದಿನ ಇದೆಯಾ? ಅಪ್ಪೆಹುಳಿ, ಮುರುಗಲ ಸಾರು, ಮಜ್ಜಿಗೆಯ ತಂಬುಳಿ, ಕರಾವಳಿಗೆ ಬಂದರೆ ಮುರುಗಲ ಸಿಪ್ಪೆ ಹಾಕಿದ ಬಂಗಡೆ ಸಾರು. ಸಣ್ಣವಳಿದ್ದಾಗ ಒಮ್ಮೆ ರಾತ್ರಿ ಉಳಿದ ಮುರುಗಲ ಸಾರನ್ನು ಹಿತ್ತಾಳೆ ಪಾತ್ರೆಯಲ್ಲೇ ಬಿಟ್ಟಿದ್ದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಆ ಪಾತ್ರೆಯ ಕಲಾಯಿ, ಅಂದರೆ ಒಳಗಿನ ತವರದ ಲೇಪ, ಸವೆದು ಹೋಗಿತ್ತು. ಬೆಳಿಗ್ಗೆ ಆಯಿ ಮುಚ್ಚಳ ತೆಗೆದು ನೋಡಿ, ಅಂಚಿನಲ್ಲಿ ಹಸಿರು ಕಂಡು, ಒಂದು ಮಾತೂ ಆಡದೆ ಅಷ್ಟನ್ನೂ ತೆಂಗಿನ ಬುಡಕ್ಕೆ ಚೆಲ್ಲಿದಳು. ಅದು ಕಿಲುಬು. ಹೊಟ್ಟೆಗೆ ಹೋದರೆ ವಾಂತಿ ಗ್ಯಾರಂಟಿ.

ಇಲ್ಲಿ ಚುರುಕಿನ ಮಕ್ಕಳು ಒಂದು ಸಂಶಯ ಎತ್ತುತ್ತಾರೆ. ಜಾಸ್ತಿ ಕ್ರಿಯಾಶೀಲವಾದದ್ದನ್ನು ಮೇಲೆ, ಕಡಿಮೆಯದ್ದನ್ನು ಕೆಳಗೆ ಬರೆದ ಪಟ್ಟಿಯೇ ಕ್ರಿಯಾಶೀಲತೆಯ ಸರಣಿ. ಅದರಲ್ಲಿ ತಾಮ್ರ ಹೈಡ್ರೋಜನ್‌ಗಿಂತ ಕೆಳಗಿದೆ. ತೆಳು ಆಮ್ಲದಿಂದ ಅದು ಹೈಡ್ರೋಜನ್ ಬಿಡಿಸುವುದಿಲ್ಲ. ಹಾಗಿದ್ದರೆ ಮುರುಗಲ ಹುಳಿ ತಾಮ್ರವನ್ನು ಹೇಗೆ ತಿಂದಿತು? ಪ್ರಶ್ನೆ ಸರಿಯಾದದ್ದೇ. ಹುಳಿಯೊಂದೇ ಈ ಕೆಲಸ ಮಾಡಲಿಲ್ಲ, ಗಾಳಿಯ ಆಮ್ಲಜನಕ ಕೈ ಜೋಡಿಸಿತು. ಆಮ್ಲಜನಕ ಮೊದಲು ತಾಮ್ರವನ್ನು ಆಕ್ಸೈಡ್ ಮಾಡುತ್ತದೆ, ಹುಳಿ ಆ ಆಕ್ಸೈಡನ್ನು ಕರಗಿಸಿ ಲವಣ ಮಾಡುತ್ತದೆ. ಅದಕ್ಕೇ ಕಿಲುಬು ಮೊದಲು ಕಾಣುವುದು ಸಾರು, ಗಾಳಿ, ಪಾತ್ರೆ ಮೂರೂ ಕೂಡುವ ಅಂಚಿನಲ್ಲಿ.

ಕಲಾಯಿ ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ಮೈ ಚೊಕ್ಕ ಮಾಡಿ, ತವರ ಸವರಿ, ಹತ್ತಿಯಲ್ಲಿ ಉಜ್ಜುತ್ತಾರೆ. ತವರ 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಒಲೆಯ ಕೆಂಡವೇ ಸಾಕು. ಅದೇ ಕಾರಣಕ್ಕೆ ಕಲಾಯಿ ಪಾತ್ರೆಯನ್ನು ಖಾಲಿ ಇಟ್ಟು ಕಾಯಿಸಬಾರದು, ಕಲಾಯಿ ಕರಗಿ ಹೋಗುತ್ತದೆ. ತವರದಲ್ಲಿ ಸೀಸ ಬೆರೆತಿರಬಾರದು, ಸೀಸ ವಿಷ. ಗೊತ್ತಿರುವವರ ಹತ್ತಿರವೇ ಹಾಕಿಸಿ.

ಅಲ್ಯೂಮಿನಿಯಂ ಅಗ್ಗ, ಹಗುರ, ಬೇಗ ಕಾಯುತ್ತದೆ. ಅನ್ನಕ್ಕೆ, ನೀರಿಗೆ ಅಡ್ಡಿಯಿಲ್ಲ. ಹುಳಿಗೆ, ಉಪ್ಪಿಗೆ ಬೇಡ. ಅದರ ಮೇಲಿನ ಆಕ್ಸೈಡ್ ಪೊರೆಯನ್ನು ಹುಳಿ ಕರಗಿಸುತ್ತದೆ, ಉಪ್ಪು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತದೆ. ಕಬ್ಬಿಣದ ಕಾವಲಿಗೆ ದೋಸೆಯ ವಿಷಯದಲ್ಲಿ ಸಾಟಿಯಿಲ್ಲ. ಹುಳಿ ಬೇಯಿಸಿದರೆ ಮಾತ್ರ ಕಪ್ಪಾಗುತ್ತದೆ, ಕಬ್ಬಿಣ ಸ್ವಲ್ಪ ಅಡುಗೆಗೆ ಇಳಿಯುತ್ತದೆ. ಅದು ವಿಷವಲ್ಲ, ರುಚಿ ಒಗರು ಅಷ್ಟೆ. ಸ್ಟೀಲ್ ಅಂದರೆ ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿದ್ದು. ಕ್ರೋಮಿಯಂ ತೆಳ್ಳನೆ ಆಕ್ಸೈಡ್ ಪೊರೆ ಕಟ್ಟಿ ಕಾಪಾಡುತ್ತದೆ. ದಿನದ ಹುಳಿಗೆ, ತಂಬುಳಿಗೆ ಸ್ಟೀಲೇ ಸರಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಸ್ಟೀಲ್ ಕೂಡ ಬೇಡ. ವರ್ಷಗಟ್ಟಲೆ ಉಪ್ಪುನೀರಲ್ಲಿ ಮುಳುಗಿದರೆ ಸ್ಟೀಲಿಗೂ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಪಿಂಗಾಣಿ ಭರಣಿಯೇ ಬೇಕು. ಬಂಗಡೆ ಸಾರಿಗೆ ಮಣ್ಣಿನ ಗಡಿಗೆ. ಆ ಮಣ್ಣಿನ ಸಿಲಿಕಾನ್, ಅಲ್ಯೂಮಿನಿಯಂ ಆಮ್ಲಜನಕದ ಜೊತೆ ಆಗಲೇ ಬಿಗಿಯಾಗಿ ಸೇರಿಬಿಟ್ಟಿವೆ. ಅಡುಗೆಯ ಹುಳಿ ಅದನ್ನು ಕರಗಿಸಲಾರದು.

ಕಿಟಕಿ ಮತ್ತು ಮಾಡು: ಉಪ್ಪುಗಾಳಿಯ ಲೆಕ್ಕ

ಘಟ್ಟದ ಮೇಲೆ ಮನೆಯಿದ್ದರೆ ಈ ಭಾಗವನ್ನು ಬೇಗ ಓದಿ ಮುಗಿಸಬಹುದು. ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹೊಡೆದ ಕಬ್ಬಿಣದ ಗ್ರಿಲ್ ಸಾಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಬಣ್ಣ. ಆ ರೆಡ್ ಆಕ್ಸೈಡ್ ಕೂಡ ಕಬ್ಬಿಣದ ಆಕ್ಸೈಡೇ. ನಮ್ಮ ಚಿರೆಕಲ್ಲಿನ ಕೆಂಪೂ ಅದರ ಬಳಗದ್ದೇ.

ಕೋಡಿಬಾಗ, ಮಾಜಾಳಿ, ಬೇಲೇಕೇರಿ, ಗೋಕರ್ಣದ ಕಡೆ ಸಮುದ್ರ ಕಾಣುವ ಮನೆಯಾದರೆ ಮಾತು ಬೇರೆ. ತುಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಇಲ್ಲಿ ಮೂರನೆಯದಾಗಿ ಉಪ್ಪು ಸೇರುತ್ತದೆ. ಉಪ್ಪು ಕರಗಿದ ನೀರಲ್ಲಿ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳು, ಓಡಾಡುತ್ತವೆ, ಹಾಗಾಗಿ ತುಕ್ಕಿನ ಕ್ರಿಯೆ ಚುರುಕಾಗುತ್ತದೆ. ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆ ಇಲ್ಲದ ದಿನವೂ ಗ್ರಿಲ್ ಒದ್ದೆಯೇ. ಮೇಲಾಗಿ ಕಬ್ಬಿಣದ ತುಕ್ಕು ಪೊರೆಯಾಗಿ ಅಂಟಿ ನಿಲ್ಲುವುದಿಲ್ಲ. ಉಬ್ಬಿ, ಚಕ್ಕೆ ಎದ್ದು ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ. ಸಮುದ್ರದ ಮರಳನ್ನು ಕಾಂಕ್ರೀಟಿಗೆ ಹಾಗೇ ಬಳಸಬಾರದು ಎನ್ನುವುದೂ ಇದಕ್ಕೇ. ಉಪ್ಪು ಒಳಗಿನ ಸರಳನ್ನು ಹಿಡಿದರೆ ಉಬ್ಬಿದ ತುಕ್ಕು ಕಾಂಕ್ರೀಟನ್ನೇ ಸೀಳುತ್ತದೆ.

ಅಲ್ಯೂಮಿನಿಯಂ ಸರಣಿಯಲ್ಲಿ ಕಬ್ಬಿಣಕ್ಕಿಂತ ಮೇಲಿದೆ, ಅಂದರೆ ಜಾಸ್ತಿ ಕ್ರಿಯಾಶೀಲ. ಆದರೂ ಸಮುದ್ರದ ಬದಿಯಲ್ಲಿ ಕಬ್ಬಿಣಕ್ಕಿಂತ ಹೆಚ್ಚು ಬಾಳುತ್ತದೆ. ಮಕ್ಕಳಿಗೆ ಇದು ವಿಚಿತ್ರ ಎನಿಸುತ್ತದೆ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆ ಚರ್ಮದ ಹಾಗೆ ಬಿಗಿಯಾಗಿ ಅಂಟಿ ಒಳಗಿನದನ್ನು ಕಾಯುತ್ತದೆ. ಕಿಟಕಿಯ ಚೌಕಟ್ಟಿಗೆ ಕರಾವಳಿಯಲ್ಲಿ ಅಲ್ಯೂಮಿನಿಯಂ ನನ್ನ ಮೊದಲ ಆಯ್ಕೆ. ಒಂದೇ ಎಚ್ಚರಿಕೆ: ಅದನ್ನು ಕಬ್ಬಿಣದ ಸ್ಕ್ರೂನಿಂದ ಬಿಗಿಸಬೇಡಿ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ತಾಗಿಕೊಂಡರೆ ಅದೊಂದು ಪುಟ್ಟ ಬ್ಯಾಟರಿ. ಜಾಸ್ತಿ ಕ್ರಿಯಾಶೀಲವಾದದ್ದು ಸವೆಯುತ್ತದೆ, ಇಲ್ಲಿ ಅಲ್ಯೂಮಿನಿಯಂ. ನಮ್ಮ ಬಾಡಿಗೆ ಮನೆಯ ಕಿಟಕಿಯಲ್ಲಿ ಸ್ಕ್ರೂ ಸುತ್ತ ಬಿಳಿ ಹಿಟ್ಟು ಕೂತಿತ್ತು. ಬೆರಳು ತಾಗಿಸಿದರೆ ಉದುರುತ್ತಿತ್ತು. ಕಾರ್ಪೆಂಟರ್ ಹತ್ತಿರ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಹಾಕಲು ಹೇಳಿ.

ಸ್ಟೀಲ್ ಗೇಟು ಮಾಡಿಸುವವರಿಗೆ ಅಂಗಡಿಯಲ್ಲಿ 304, 316 ಎಂಬ ಎರಡು ನಂಬರ್ ಹೇಳುತ್ತಾರೆ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 316ರಲ್ಲಿ ಇವುಗಳ ಜೊತೆ ಎರಡು ಮೂರು ಪಾಲು ಮಾಲಿಬ್ಡಿನಂ. ಆ ಎರಡು ಮೂರು ಪಾಲಿಗೇ ಬೆಲೆ ಏರುತ್ತದೆ, ಆದರೆ ಉಪ್ಪನ್ನು ತಡೆಯುವುದು ಅದೇ. ಕಡಲ ಬದಿಯಲ್ಲಿ 304 ಗೇಟಿಗೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಬರುತ್ತದೆ. ಶಿರಸಿಯಲ್ಲಿ 316 ಕೊಳ್ಳುವುದು ಸುಮ್ನೆ ಖರ್ಚು. ಯಾವುದೇ ಇರಲಿ, ವಾರಕ್ಕೊಮ್ಮೆ ಸಿಹಿನೀರು ಹಾಕಿ ತೊಳೆದರೆ ತುಂಬಾ ವರ್ಷ ಬಾಳುತ್ತದೆ.

ಮಾಡಿಗೆ ಹಂಚೋ ತಗಡೋ? ಸುಟ್ಟ ಮಣ್ಣಿನ ಹಂಚಿಗೆ ಉಪ್ಪುಗಾಳಿ ಏನೂ ಮಾಡದು. ಬಿಸಿಲಿಗೂ ತಂಪು. ಆದರೆ ಭಾರ, ಅದನ್ನು ಹೊರಲು ಮರ ಜಾಸ್ತಿ ಬೇಕು. ಘಟ್ಟದ ಮೇಲೆ ಮಂಗಗಳು ಒಂದೇ ದಿನದಲ್ಲಿ ಹತ್ತು ಹಂಚು ಒಡೆಯುತ್ತವೆ. ಒಡೆಯುವುದು ಯಾಕೆ? ಹಂಚಿಗೆ ಕುಟ್ಯತೆ ಇಲ್ಲ, ತಗಡು ತಗ್ಗಾಗಿ ಸುಮ್ಮನಾಗುತ್ತದೆ. ಜಿಐ ತಗಡು ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಸತು ಕಬ್ಬಿಣಕ್ಕಿಂತ ಕ್ರಿಯಾಶೀಲ, ಹಾಗಾಗಿ ಗೀರು ಬಿದ್ದಲ್ಲೂ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಬಣ್ಣ ಇದನ್ನು ಮಾಡಲಾರದು. ಸಮುದ್ರದ ಬದಿಯಲ್ಲಿ ಮಾತ್ರ ಸತು ಬೇಗ ಖರ್ಚಾಗುತ್ತದೆ. ಇನ್ನು ತಗಡಿನ ಮಾಡಿನ ಕ್ಲಾಸಿನಲ್ಲಿ ಜುಲೈ ತಿಂಗಳಲ್ಲಿ ಪಾಠ ಮಾಡಿದವರಿಗೆ ಲೋಹ ಸದ್ದು ಮಾಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ನಾನು ಆ ಹೊತ್ತಿಗೆ ಬೋರ್ಡಿನ ಮೇಲೆ ಬರೆಯುವ ಕೆಲಸವನ್ನಷ್ಟೇ ಇಟ್ಟುಕೊಳ್ಳುತ್ತೇನೆ.

ತೋಟ: ಕೊಳೆ ಮದ್ದು ಮತ್ತು ದೋಟಿ

ಈ ಪಾಠದ ಅತಿ ಸುಂದರ ಪ್ರಯೋಗ ನಡೆಯುವುದು ಲ್ಯಾಬಿನಲ್ಲಲ್ಲ, ಮಳೆಗಾಲದ ಮೊದಲು ಅಡಿಕೆ ತೋಟದಲ್ಲಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ದ್ರಾಕ್ಷಿತೋಟಗಳಿಗೆ ಹೆಸರಾದ ಫ್ರಾನ್ಸಿನ ಬೋರ್ಡೋದಿಂದ ಬಂದ ಹೆಸರು ಅದು. ಕಳೆದ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆಯನ್ನು ಅಭ್ಯಾಸ ಮಾಡಿ, ಈ ಮದ್ದನ್ನು ಅಡಿಕೆಗೆ ಬಳಕೆಗೆ ತಂದರು.

ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಅದರ ನೀಲಿ ಹರಳಿನ ಒಂದು ಕಿಲೋದಲ್ಲಿ ಸುಮಾರು 254 ಗ್ರಾಂ ತಾಮ್ರ ಇರುತ್ತದೆ. ಪರಮಾಣು ತೂಕ ಹಿಡಿದು ಲೆಕ್ಕ ಹಾಕಿ ನೋಡಿ, ಹೊರಟೇ ಹೊರಡುತ್ತದೆ. ಅರ್ಧ ನೀರಲ್ಲಿ ತುತ್ತು, ಇನ್ನರ್ಧದಲ್ಲಿ ಸುಣ್ಣ ಕದಡಿ, ಆಮೇಲೆ ಕೂಡಿಸುತ್ತಾರೆ. ತುತ್ತಿನ ನೀರಿಗೆ ಆಮ್ಲದ ಗುಣ. ಸುಣ್ಣ ಕ್ಯಾಲ್ಸಿಯಂ ಎಂಬ ಲೋಹದ ಆಕ್ಸೈಡ್. ಲೋಹದ ಆಕ್ಸೈಡಿಗೆ ಪ್ರತ್ಯಾಮ್ಲದ ಗುಣ ಎಂದು ಓದಿದ್ದೀರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕರಾವಳಿಯ ಚಿಪ್ಪು ಸುಟ್ಟು ಮಾಡಿದ ಸುಣ್ಣ ಘಟ್ಟ ಹತ್ತಿ ಹೋಗಿ ಅಡಿಕೆಯ ಮದ್ದಾಗುವುದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಈಗ ಆಯ್ಕೆಯ ಪ್ರಶ್ನೆ: ತುತ್ತನ್ನು ಯಾವ ಪಾತ್ರೆಯಲ್ಲಿ ಕರಗಿಸುವುದು? ಕಬ್ಬಿಣದ ಬಕೆಟ್, ಜಿಐ ಬಕೆಟ್, ಅಲ್ಯೂಮಿನಿಯಂ ಪಾತ್ರೆ ಮೂರೂ ಬೇಡ. ಸರಣಿಯಲ್ಲಿ ಮೂರೂ ತಾಮ್ರಕ್ಕಿಂತ ಮೇಲಿವೆ. ಕಬ್ಬಿಣವು ತುತ್ತಿನ ಸಲ್ಫೇಟನ್ನು ತಾನು ಕಸಿದುಕೊಂಡು ತಾಮ್ರವನ್ನು ಹೊರಗೆ ತಳ್ಳುತ್ತದೆ. ಬಕೆಟ್ಟಿನ ಗೋಡೆಗೆ ಕೆಂಪಗೆ ತಾಮ್ರ ಕೂರುತ್ತದೆ, ಎಲೆಗೆ ಹೋಗಬೇಕಾದ ಮದ್ದು ಬಕೆಟ್ಟಿಗೇ ಹೋದ ಹಾಗೆ. ಪ್ಲಾಸ್ಟಿಕ್ ಡ್ರಮ್ಮೇ ಒಳ್ಳೆಯದು. ಮೊದಲು ಮರದ ಮರಿಗೆ, ತಾಮ್ರದ ಹಂಡೆ ಬಳಸುತ್ತಿದ್ದರು, ಅದೂ ಸರಿ.

ಒಂದು ಲೋಹ ಇನ್ನೊಂದನ್ನು ಹೊರಗೆ ತಳ್ಳುವ ಅದೇ ಸ್ಥಾನಪಲ್ಲಟ ಕ್ರಿಯೆಯನ್ನು ಅಪ್ಪಯ್ಯ ಪರೀಕ್ಷೆಗೂ ಬಳಸುತ್ತಿದ್ದ. ಮದ್ದು ಕೂಡಿಸಿದ ಮೇಲೆ ಚೊಕ್ಕ ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಿದ್ದ. ಕತ್ತಿ ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಹಿಂಗಾರ, ಎಳೆಕಾಯಿ ಸುಡುತ್ತದೆ. ಕತ್ತಿ ಕೆಂಪಾಗದಿದ್ದರೆ ಮದ್ದು ಸಿದ್ಧ. ಅಪ್ಪಯ್ಯ ಕ್ರಿಯಾಶೀಲತೆಯ ಸರಣಿ ಓದಿದವನಲ್ಲ. ನಾನು ಹತ್ತನೇ ಕ್ಲಾಸಿನಲ್ಲಿ ಮೊಳೆ ಮತ್ತು ತಾಮ್ರದ ಸಲ್ಫೇಟಿನ ಪ್ರಯೋಗ ನೋಡಿದ ದಿನ ಮನೆಗೆ ಓಡಿ ಬಂದು ಅವನಿಗೆ ಹೇಳಿದ್ದೆ. "ಕತ್ತಿ ಅದ್ದದು ಅದಕ್ಕೇ ಅಲ್ದಾ ತಂಗಿ," ಎಂದ.

ದೋಟಿಯ ಮಾತು ಈಗಿನದು. ಕೊನೆಗೌಡರು ಮರ ಹತ್ತಲು ಸಿಗುವುದು ಕಷ್ಟವಾದ ಮೇಲೆ ನೆಲದಲ್ಲೇ ನಿಂತು ಮದ್ದು ಹೊಡೆಯುವ, ಕೊನೆ ಇಳಿಸುವ ಉದ್ದ ದೋಟಿಗಳು ಬಂದಿವೆ. ಬಿದಿರು ಹಳೆಯದು. ಅಲ್ಯೂಮಿನಿಯಂ ಇದೆ, ಗಾಜಿನ ನಾರಿನ ಫೈಬರ್ ಇದೆ, ಕಾರ್ಬನ್ ಫೈಬರ್ ಇದೆ. ಅರವತ್ತು ಅಡಿ ಎತ್ತಿ ಹಿಡಿಯುವಾಗ ತೂಕವೇ ಎಲ್ಲ. ನೀರಿಗೆ ಹೋಲಿಸಿದರೆ ಅಲ್ಯೂಮಿನಿಯಂ 2.7 ಪಟ್ಟು ಭಾರ, ಗಾಜಿನ ಫೈಬರ್ ಎರಡು ಪಟ್ಟಿನ ಹತ್ತಿರ, ಕಾರ್ಬನ್ ಫೈಬರ್ 1.6 ಪಟ್ಟು ಅಷ್ಟೆ. ಹೋಲಿಕೆಗೆ ಹೇಳುವುದಾದರೆ ಉಕ್ಕು 7.8 ಪಟ್ಟು. ಹಗುರ ಒಂದೇ ಸಾಲದು, ಬಾಗಬಾರದು ಕೂಡ. ಗಾಜಿನ ಫೈಬರ್ ತುದಿಯಲ್ಲಿ ಜೋಲುತ್ತದೆ. ಕಾರ್ಬನ್ ಫೈಬರ್ ಸೆಟೆದು ನಿಲ್ಲುತ್ತದೆ. ಬೆಲೆ ಮಾತ್ರ ಜಾಸ್ತಿ. ಪುಡಿಯಾಗುವ ಇದ್ದಿಲಿನ ಕಾರ್ಬನ್ನೇ ನಾರಾಗಿ, ಅಂಟಿನಲ್ಲಿ ಕೂತಾಗ ಲೋಹವನ್ನು ಮೀರಿಸುತ್ತದೆ. ಕೊಂಡುಕೊಳ್ಳುವ ಶಕ್ತಿ ಇದ್ದರೆ ಕಾರ್ಬನ್ ಫೈಬರ್ ಕೊಳ್ಳಿ. ಇಡೀ ದಿನ ದುಡಿಯುವವರ ಹೆಗಲು ಉಳಿಯುತ್ತದೆ.

ಆದರೆ ದಯವಿಟ್ಟು ಇದನ್ನು ಕೇಳಿ. "ಇದು ಕಬ್ಬಿಣ ಅಲ್ಲ, ಫೈಬರ್, ಕರೆಂಟು ಹೊಡೆಯೂದಿಲ್ಲ" ಎಂದು ನಂಬಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾರ್ಬನ್ ಫೈಬರ್ ಕರೆಂಟು ಬಿಡುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ಬಿಡುವ ಹಾಗೆಯೇ. ತೋಟದ ಮೇಲೆ ಹಾದುಹೋದ ಲೈನಿಗೆ ದೋಟಿ ತಾಗಿದರೆ, ಹತ್ತಿರ ಹೋದರೂ ಸಾಕು, ಹಿಡಿದವರ ಜೀವ ಹೋಗುತ್ತದೆ. ಅಲ್ಯೂಮಿನಿಯಮ್ಮಿಗೂ ಇದೇ ಮಾತು. ಗಾಜಿನ ಫೈಬರ್ ಒಣಗಿದ್ದಾಗ ಕರೆಂಟು ಬಿಡದು, ಆದರೆ ಮಳೆ, ಮದ್ದಿನ ನೀರು ಹರಿದು ಒದ್ದೆಯಾದ ಮೇಲೆ ಅದನ್ನೂ ನಂಬಬಾರದು. ಲೈನಿನ ಬದಿಯ ಮರಗಳಿಗೆ ಯಾವ ದೋಟಿಯೂ ಬೇಡ. ಅಪ್ಪ, ಚಿಕ್ಕಪ್ಪ ದೋಟಿ ಎತ್ತುವ ಮೊದಲು ಇದನ್ನು ನೀವೇ ಅವರಿಗೆ ಹೇಳಿ. ಮಕ್ಕಳು ಹೇಳಿದರೆ ಕೇಳುತ್ತಾರೆ.

ದೋಣಿ ಮತ್ತು ತಂತಿ

ಕಾರವಾರದ ಬೈತಖೋಲ ಬಂದರಿಗೆ ಹೋದರೆ ಮರದ ದೋಣಿ, ಫೈಬರ್ ದೋಣಿ, ಉಕ್ಕಿನ ದೋಣಿ ಮೂರನ್ನೂ ಹೋಲಿಸಬಹುದು. ಮರಕ್ಕೆ ತುಕ್ಕಿಲ್ಲ, ಹುಳು ಇದೆ. ಫೈಬರಿಗೆ ಎರಡೂ ಇಲ್ಲ, ಆದರೆ ಬಂಡೆಗೆ ಬಡಿದರೆ ಸೀಳುತ್ತದೆ. ಉಕ್ಕು ತಗ್ಗಾಗುತ್ತದೆ, ಬೆಸುಗೆ ಹಾಕಬಹುದು, ತುಕ್ಕು ಮಾತ್ರ ಬಿಡದು. ಉಕ್ಕಿನ ದೋಣಿಯನ್ನು ದಡಕ್ಕೆ ಎಳೆದಾಗ ತಳ ನೋಡಿ. ಚುಕ್ಕಾಣಿಯ ಹತ್ತಿರ ಬೂದು ಬಣ್ಣದ ಗಟ್ಟಿಗಳನ್ನು ಕಚ್ಚಿಸಿರುತ್ತಾರೆ. ಅದು ಸತು. ಉಕ್ಕಿನ ಬದಲು ತಾನು ಕರಗಲಿ ಎಂದೇ ಇಟ್ಟದ್ದು. ಸವೆದ ಮೇಲೆ ಬದಲಿಸುತ್ತಾರೆ. ಅದಕ್ಕೆ ಬಣ್ಣ ಬಳಿಯಬಾರದು, ಬಳಿದರೆ ಅದು ಕೆಲಸ ಮಾಡದು. ಬಲೆಯ ಅಂಚಿಗೆ ಸೀಸ ಕಟ್ಟುವುದು ಅದರ ಭಾರಕ್ಕೆ, ನೀರಿಗಿಂತ ಹನ್ನೊಂದು ಪಟ್ಟು ಜಾಸ್ತಿ. ಮಕ್ಕಳು ಸೀಸದ ಮಣಿಯನ್ನು ಹಲ್ಲಲ್ಲಿ ಕಚ್ಚುವುದನ್ನು ಕಂಡಿದ್ದೇನೆ. ಬೇಡ.

ತಂತಿಯ ವಿಷಯ ಚಿಕ್ಕದು. ಒಂದೇ ದಪ್ಪದ ತಂತಿಯಾದರೆ ಅಲ್ಯೂಮಿನಿಯಂ ತಾಮ್ರದ ನೂರಕ್ಕೆ ಸುಮಾರು 61 ಪಾಲು ಮಾತ್ರ ಕರೆಂಟು ಸಾಗಿಸುತ್ತದೆ. ಆದರೆ ಒಂದೇ ತೂಕದ್ದಾದರೆ ತಾಮ್ರದ ಎರಡರಷ್ಟು! ಕಂಬದಿಂದ ಕಂಬಕ್ಕೆ ತೂಗುವ ತಂತಿಗೆ ತೂಕ ಮುಖ್ಯ, ಹಾಗಾಗಿ ಅಲ್ಯೂಮಿನಿಯಂ. ಬಲಕ್ಕೆ ನಡುವೆ ಉಕ್ಕಿನ ಎಳೆ ಇರುತ್ತದೆ. ಗೋಡೆಯ ಒಳಗೆ ಜಾಗ ಕಡಿಮೆ, ಸ್ಕ್ರೂ ಬಿಗಿಯುವ ಜೋಡಣೆಗಳು ಜಾಸ್ತಿ. ಅಲ್ಯೂಮಿನಿಯಂ ಜೋಡಣೆಯಲ್ಲಿ ಆಕ್ಸೈಡ್ ಕಟ್ಟಿ ಬಿಸಿಯಾಗುತ್ತದೆ, ಹಾಗಾಗಿ ಮನೆಯೊಳಗೆ ತಾಮ್ರವೇ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಸುರಿಯುವುದನ್ನು ನೋಡಿದ್ದೀರಾ? ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಅಯಾನು ಕೊಡುತ್ತದೆ.

ನಾಲ್ಕು ಗ್ಲಾಸು, ನಾಲ್ಕು ಮೊಳೆ

ಅರ್ಥಿಂಗ್ ಗುಂಡಿಗೆ ಸುರಿದ ಆ ಉಪ್ಪು ನಮ್ಮ ಸಾಣಿಕಟ್ಟಾದ್ದೇ ಇರಬಹುದು. ಗೋಕರ್ಣಕ್ಕೆ ಹೋಗುವಾಗ ಗದ್ದೆಗಳಲ್ಲಿ ಬೆಳ್ಳಗೆ ಗುಡ್ಡೆ ಹಾಕಿರುತ್ತಾರಲ್ಲ. 1930ರಲ್ಲಿ ಅಂಕೋಲೆಯಲ್ಲಿ ಜನ ಬ್ರಿಟಿಷರ ಉಪ್ಪಿನ ಕಾನೂನು ಮುರಿದು ಕೈಗೆತ್ತಿಕೊಂಡದ್ದೂ ಇಂಥದ್ದೇ ಕಡಲಿನ ಉಪ್ಪು. ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಸೋಡಿಯಂ ಎಂಬ ಲೋಹ, ಉಸಿರಿಗೆ ವಿಷವಾದ ಕ್ಲೋರಿನ್ ಎಂಬ ಅಲೋಹ. ಲೋಹ ಒಂದು ಎಲೆಕ್ಟ್ರಾನ್ ಕೊಟ್ಟಿತು, ಅಲೋಹ ತೆಗೆದುಕೊಂಡಿತು, ಗಂಜಿಗೆ ಹಾಕುವ ಉಪ್ಪಾಯಿತು.

ಆ ಉಪ್ಪು ಏನು ಮಾಡುತ್ತದೆಂದು ಮನೆಯಲ್ಲೇ ನೋಡಿ. ಹೊಸ ಕಬ್ಬಿಣದ ಮೊಳೆ ನಾಲ್ಕು ತನ್ನಿ, ಎಣ್ಣೆ ಹೋಗುವ ಹಾಗೆ ಸೋಪಿನಲ್ಲಿ ತೊಳೆದು ಒರೆಸಿ. ಒಂದನ್ನು ಬಾವಿ ನೀರಿನಲ್ಲಿ ಅರ್ಧ ಮುಳುಗಿಸಿ. ಎರಡನೆಯದನ್ನು ಚೆನ್ನಾಗಿ ಕುದಿಸಿ ಆರಿಸಿದ ನೀರಲ್ಲಿ ಪೂರ್ತಿ ಮುಳುಗಿಸಿ, ಮೇಲೆ ತೆಂಗಿನೆಣ್ಣೆ ಹೊಯ್ದು ಗಾಳಿ ತಡೆಯಿರಿ. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿದರೂ ತೊಂದರೆಯಿಲ್ಲ. ಮೂರನೆಯದನ್ನು ಒಣ ಸುಟ್ಟಸುಣ್ಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಹಾಕಿ. ಸುಣ್ಣವನ್ನು ದೊಡ್ಡವರ ಕೈಯಲ್ಲಿ ಹಾಕಿಸಿ, ಕಣ್ಣಿಗೆ ತಾಗಬಾರದು. ನಾಲ್ಕನೆಯದಕ್ಕೆ ಸಮುದ್ರದ ನೀರು, ಅರ್ಧ ಮಾತ್ರ. ಘಟ್ಟದ ಮೇಲಿನವರು ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿಕೊಳ್ಳಿ, ಸಮುದ್ರದ ಉಪ್ಪು ಸುಮಾರು ಅಷ್ಟೇ.

ದಿನಾ ಒಂದೇ ಹೊತ್ತಿಗೆ ನೋಡಿ, ವಾರದವರೆಗೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ನಾಲ್ಕನೇ ಮೊಳೆಯಲ್ಲಿ ತುಕ್ಕು ಮೊದಲು ಎಲ್ಲಿ ಕಾಣಿಸಿತು, ನೀರಿನ ಗೆರೆಯಲ್ಲೋ, ಕೆಳಗೋ, ಮೇಲೋ ಎಂದು ಗುರುತು ಹಾಕಿ. ಆಮೇಲೆ ಹೋಗಿ ನಿಮ್ಮ ಮನೆಯ ಗ್ರಿಲ್ಲಿನಲ್ಲಿ ಮಳೆನೀರು ನಿಲ್ಲುವ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ.